ಚಹಾ ಬಂದ ಮೇಲೆ ಪ್ರಶ್ನೆ ಇಲ್ಲ

ಆ ಸಂಸ್ಥೆಯಲ್ಲಿ ಒಂದು ಕಟ್ಟಳೆ ಇತ್ತು. ಚಹಾ ಬಂದ ಮೇಲೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ಅದನ್ನು ಯಾರು ಮಾಡಿದರೋ, ಯಾವ ಕಾಲದ್ದೋ, ಹೇಳುವವರಿರಲಿಲ್ಲ. ಆದರೆ ಪುಣೆಯಲ್ಲಿ ಒಮ್ಮೆ ಬೇರುಬಿಟ್ಟ ಕಟ್ಟಳೆಯನ್ನು ಕೀಳಲು ಬ್ರಹ್ಮನಿಂದಲೂ ಆಗುವುದಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಮಾಳಿಗೆಯ ಮೇಲಿನ ದೊಡ್ಡ ಹಾಲಿನಲ್ಲಿ ಅರ್ಥಶಾಸ್ತ್ರದ ಪಂಡಿತರು ಕೂಡುತ್ತಿದ್ದರು. ಒಬ್ಬನು ಪ್ರಬಂಧ ಓದುವನು, ಉಳಿದವರು ಪ್ರಶ್ನೆ ಹಾಕುವರು, ಚಹಾ ಒಳಗೆ ಬಂತೋ ಸಭೆ ಮುಗಿಯಿತು. ಹೊಟ್ಟೆಯಲ್ಲಿ ಪ್ರಶ್ನೆ ಉಳಿದಿದ್ದರೆ ಮನೆಗೆ ಒಯ್ದು ಹೆಂಡತಿಯನ್ನು ಕೇಳಬೇಕು.

ಆ ಚಹಾ ತರುವವನು ಗೂಳಪ್ಪ.

ಹಾಲಿನ ಬಾಗಿಲಿಗೆ ಕಣ್ಣಿನ ಎತ್ತರಕ್ಕೆ ಒಂದು ದುಂಡನೆಯ ಗಾಜು ಕೂಡಿಸಿದ್ದರು. ಗೂಳಪ್ಪ ಕಿಟ್ಲಿ ಹಿಡಿದು ಆ ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದ. ಡೈರೆಕ್ಟರ್ ಶಿವರುದ್ರಪ್ಪ ಸಾಹೇಬರು ತಮ್ಮ ಕನ್ನಡಕ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟರೆ ಅದೇ ಸನ್ನೆ. ಕಾಲಿನಿಂದ ಬಾಗಿಲು ನೂಕಿ ಒಳಗೆ ನುಗ್ಗುವುದು, ಕಪ್ಪು-ಬಶಿ ಗಲಗಲ ಅನ್ನಿಸುವುದು. ಮಾತಾಡುತ್ತಿದ್ದವನ ಬಾಯಿ ಅರ್ಧಕ್ಕೇ ನಿಲ್ಲುವುದು. ಸಾಹೇಬರಿಗೆ ಒಪ್ಪಿಗೆಯಾದ ಮಾತಿದ್ದರೆ ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಆಗದ ಮಾತು ಬಂತೋ, ಕೆಳಗಿಳಿಯುತ್ತಿತ್ತು. ಗೂಳಪ್ಪನಿಗೆ ಇಂಗ್ಲಿಷ್ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದು ಅನಿಸಿದ್ದೂ ಇಲ್ಲ. ಕನ್ನಡಕ ಇಳಿದ ಕ್ಷಣಕ್ಕೆ ಬಾಗಿಲು ತೆರೆಯುವುದು ಅವನಿಗೊಂದು ಹೆಮ್ಮೆ.

ಅವನು ಸುರಪುರದ ಕಡೆಯವನು. ಪುಣೆಗೆ ಬಂದದ್ದು ಗೌಂಡಿಯ ಕೈಯಾಳಾಗಿ. ಆ ಸಂಸ್ಥೆಯ ಕಟ್ಟಡಕ್ಕೆ, ಪಂಡಿತರು ಕೂಡುವ ಅದೇ ಹಾಲಿನ ನೆಲಕ್ಕೆ, ಬುಟ್ಟಿಯಲ್ಲಿ ಗಾರೆಯ ಮಾಲು ಹೊತ್ತವನು ಅವನೇ. ಹೆಂಡತಿ ಯಮನವ್ವ ಅಂಗಳದಲ್ಲಿ ಇಟ್ಟಿಗೆ ಒಲೆ ಹೂಡಿ ಆಳುಗಳಿಗೆ ಚಹಾ ಕಾಸುತ್ತಿದ್ದಳು. ಧಾರವಾಡದ ಕಡೆಯ ಶಿವರುದ್ರಪ್ಪ ಸಾಹೇಬರು ಕಟ್ಟಡ ನೋಡಲು ಬಂದವರು ಕನ್ನಡದ ದನಿ ಕೇಳಿ ನಿಂತರು, ಚಹಾ ಕುಡಿದರು.

"ಏನ್ ಖಡಕ್ ಮಾಡೀಯವ್ವಾ! ಹಿಂಥಾ ಚಾ ಊರು ಬಿಟ್ಟ ಮ್ಯಾಲ ಇವತ್ತ ಕುಡದೆ ನೋಡು."

ಕಟ್ಟಡ ಮುಗಿದು ಉಳಿದ ಆಳುಗಳು ಗಂಟು ಕಟ್ಟಿದಾಗ ಸಾಹೇಬರು ಈ ಗಂಡ-ಹೆಂಡಿರನ್ನು ನಿಲ್ಲಿಸಿಕೊಂಡರು. ಹಿತ್ತಲಲ್ಲಿ ಕ್ಯಾಂಟೀನು, ಅದರ ಬೆನ್ನಿಗೆ ಇರಲು ಒಂದು ತಗಡಿನ ಖೋಲಿ. "ಸದ್ಯ ಇರ್ರಿ, ಮುಂದ ಖಾಯಂ ಮಾಡೋಣು" ಅಂದರು. ಆ 'ಸದ್ಯ'ದೊಳಗೇ ಗೂಳಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ನಡೆದರು, ಮರಾಠಿ ಶಾಲೆಗೆ ಹೋಗತೊಡಗಿದರು. ಖಾಯಂ ಮಾತ್ರ ಹುಟ್ಟಲಿಲ್ಲ. ಸಾಹೇಬರು ಬರೆದ ದಪ್ಪ ಪುಸ್ತಕಗಳ ತುಂಬ ಇದ್ದದ್ದು ಇದೇ ಮಾತಂತೆ: ಸರಕಾರ ಯೋಜನೆ ಹಾಕಬೇಕು, ಉಕ್ಕಿನ ಕಾರಖಾನೆ ಕಟ್ಟಬೇಕು, ಪ್ರತಿ ಕೂಲಿಯವನ ಕೆಲಸ ಖಾಯಂ ಆಗಬೇಕು. ಬರೆದವರ ಹಿತ್ತಲಲ್ಲೇ ತಗಡಿನ ಕೆಳಗೆ ಬೇಯುತ್ತಿದ್ದವನು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಆದರೂ ಗೂಳಪ್ಪ ನಂಬಿದ್ದ. ದೊಡ್ಡವರು ದೇಶದ ಕೂಲಿಯವರನ್ನೆಲ್ಲ ಖಾಯಂ ಮಾಡಿ ಕಡೆಗೆ ತನ್ನ ಹತ್ತಿರ ಬರುತ್ತಾರೆ ಅಂತ ಸುಮ್ಮನಿದ್ದ.

ಎಪ್ಪತ್ನಾಲ್ಕರ ಸುಮಾರಿಗೆ ಅಮೆರಿಕದಲ್ಲಿ ಓದಿದ ದಿಗಂಬರ ಎಂಬ ಪ್ರೊಫೆಸರು ಆ ಸಂಸ್ಥೆಗೆ ಬಂದ. ಮರಾಠಿಯವನು, ಇಸ್ತ್ರಿ ಕೆಡದ ಅಂಗಿ, ದೊಡ್ಡ ಕೈಗಡಿಯಾರ. ಅವನು ಹೇಳುವುದೇ ಬೇರೆ. ಸರಕಾರ ಕೈ ತೆಗೆಯಬೇಕು, ಲೈಸೆನ್ಸು ಪರ್ಮಿಟ್ಟು ಸುಡಬೇಕು, ಪೇಟೆಯನ್ನು ಅದರ ಪಾಡಿಗೆ ಬಿಟ್ಟರೆ ಸ್ಪರ್ಧೆಯೇ ಎಲ್ಲವನ್ನೂ ಸರಿಮಾಡುತ್ತದೆ. ಅವನ ಮೊದಲ ಗುರುವಾರ ಬಂತು. ಕರಿ ಹಲಗೆಯ ಮೇಲೆ ಗೆರೆ ಎಳೆದ, ಬಾಯಿ ತೆರೆದ. ಸಾಹೇಬರ ಕನ್ನಡಕ ಕೆಳಗಿಳಿಯಿತು. ಗೂಳಪ್ಪ ಒಳಗೆ ನುಗ್ಗಿದ.

ದಿಗಂಬರ ಸುಣ್ಣದಕಡ್ಡಿ ಹಿಡಿದುಕೊಂಡೇ ನಿಂತ. "ಅಹೋ, ನಾನಿನ್ನೂ ಶುರುವೇ ಮಾಡಿಲ್ಲ..." ಅಂದ. ಸಾಹೇಬರು ಬಶಿಗೆ ಚಹಾ ಸುರಿದುಕೊಂಡು, "ಚಹಾ ಬಂತಲ್ಲ, ಇನ್ನೇನು ಮಾಡೋದು?" ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಶ್ಯಾಮ.

ಶ್ಯಾಮ ವಿಜಾಪುರದ ಹುಡುಗ, ಸಾಹೇಬರ ಮೆಚ್ಚಿನ ಶಿಷ್ಯ. ಪಿಎಚ್‌ಡಿ ಮಾಡಲು ಬಂದವನು ಅಲ್ಲೇ ಲೆಕ್ಚರರ್ ಆದ. ಸಾಹೇಬರ ಪುಸ್ತಕಗಳ ಅಚ್ಚು ತಿದ್ದುವುದರಿಂದ ಹಿಡಿದು ಅವರ ಚೀಲ ಹೊರುವವರೆಗೆ ಎಲ್ಲವನ್ನೂ ಮಾಡುತ್ತಿದ್ದ. ಮಧ್ಯಾಹ್ನ ಯಮನವ್ವನ ಕೈಯ ಜೋಳದ ರೊಟ್ಟಿ ಉಣ್ಣುವುದು ತಪ್ಪಿಸುತ್ತಿರಲಿಲ್ಲ. ಅವಳಿಗೆ ಅಕ್ಕ, ಗೂಳಪ್ಪನಿಗೆ ಮಾಮಾ ಅನ್ನುತ್ತಿದ್ದ.

ಆ ದಿನ ಗೂಳಪ್ಪ ಕಪ್ಪುಗಳನ್ನು ಕೆಳಗೆ ತಂದಾಗ ಯಮನವ್ವ ಒಂದೊಂದಾಗಿ ಎತ್ತಿ ನೋಡಿದಳು. ಅರ್ಧದಷ್ಟು ಕಪ್ಪುಗಳಲ್ಲಿ ಚಹಾ ಹಾಗೇ ಇತ್ತು. ಮೇಲೆ ಕೆನೆ ಕಟ್ಟಿತ್ತು. ಒಂದರಲ್ಲಿ ಯಾರೋ ಬೀಡಿ ನಂದಿಸಿದ್ದರು.

"ಕುಡದೇ ಇಲ್ಲಲ್ಲ. ಚಂದ ಆಗಿಲ್ಲೇನು?"

"ಚಂದ ಆಗ್ಯಾದ. ಅವರಿಗಿ ಚಾ ಬೇಕಾಗಿದ್ದಿಲ್ಲ, ಗದ್ದಲ ಬೇಕಾಗಿತ್ತು."

"ಹಂಗಾದ್ರ ಕಿಟ್ಲಿದಾಗ ನೀರು ತುಂಬಿ ಕಳಸ್ತೀನಿ ತೊಗೋ. ಹಾಲು ಯಾಕ ಹಾಳು ಮಾಡ್ಬೇಕು?" ಅಂದು ಅವಳು ಚಹಾವನ್ನೆಲ್ಲ ಮೋರಿಗೆ ಚೆಲ್ಲಿದಳು. ಗೂಳಪ್ಪ ಅಂದು ನಕ್ಕುಬಿಟ್ಟ.

ದಿಗಂಬರ ಸುಮ್ಮನೆ ಕೂಡುವ ಪೈಕಿ ಅಲ್ಲ. ಹಾಲಿನಲ್ಲಿ ಮಾತಾಡಲು ಬಿಡಲಿಲ್ಲವೆಂದು ಕ್ಯಾಂಟೀನಿನ ಮೂಲೆಯ ಟೇಬಲ್ಲಿನಲ್ಲಿ ಅಂಗಡಿ ತೆರೆದ. ಮೊದಮೊದಲು ಒಬ್ಬನೇ ಕೂಡುತ್ತಿದ್ದ. ಆಮೇಲೆ ಹೊರದೇಶದಿಂದ ಒಬ್ಬ ಕೆಂಪು ಮೂತಿಯವನು ಬಂದ, ದಿಗಂಬರನ ಜತೆ ಮೂಲೆಯಲ್ಲೇ ಕುಳಿತ. ಆತ ಹೋದ ಮೇಲೆ ಇಬ್ಬರು ಹುಡುಗರಿಗೆ ಅಮೆರಿಕಕ್ಕೆ ಕರೆ ಬಂತು. ಅಷ್ಟೇ. ಮರುವಾರದಿಂದ ಮೂಲೆಯ ಟೇಬಲ್ಲಿಗೆ ಕುರ್ಚಿ ಸಾಲದೆ ಹೋದವು. ಸಾಹೇಬರ ಸುತ್ತಲಿನ ಕುರ್ಚಿಗಳೇ ಒಂದೊಂದಾಗಿ ಅತ್ತ ಹೋದವು. ಅವನ್ನು ಹೊತ್ತು ಹಾಕುತ್ತಿದ್ದವನು ಗೂಳಪ್ಪನೇ. ದಿಗಂಬರ ಬರೆದದ್ದು ಸರಿಯೆಂದು ಅವನ ಗೆಳೆಯ ಬರೆದ, ಗೆಳೆಯ ಬರೆದದ್ದು ಸರಿಯೆಂದು ದಿಗಂಬರ ಬರೆದ, ಇಬ್ಬರೂ ಬರೆದದ್ದು ಸರಿಯೆಂದು ಅವರ ಹುಡುಗರು ಬರೆದರು. ಒಬ್ಬರ ಬೆನ್ನು ಒಬ್ಬರು ಕೆರೆದರೆ ಅದಕ್ಕೆ ಇವರಲ್ಲಿ ವಿದ್ವತ್ತು ಅನ್ನುತ್ತಾರೆ. ಎಮ್ಮೆಗಳು ಕೆರೆದರೆ ಮಾತ್ರ ಅದು ತುರಿಕೆ.

ಗೂಳಪ್ಪನಿಗೆ ಹೇಸಿಗೆ ಹುಟ್ಟಿಸಿದ್ದು ಇನ್ನೊಂದು. ವಾದ ಮಾಡಿ ಸೋತು ಒಪ್ಪಿಕೊಂಡವನೆಂದು ಒಬ್ಬನೂ ಇರಲಿಲ್ಲ. ನಾನು ತಪ್ಪು ತಿಳಿದಿದ್ದೆ ಅಂದವನಿಲ್ಲ. ನಿನ್ನೆಯವರೆಗೆ 'ಯೋಜನೆ' ಅನ್ನುವಾಗ ಕೈ ಮುಗಿಯುವಂತಿದ್ದವರು ಇಂದು ಅದೇ ಮಾತಿಗೆ ಮುಸಿಮುಸಿ ನಗುತ್ತಿದ್ದರು. ಕೇಳಿದರೆ ಎಲ್ಲರದೂ ಒಂದೇ ಉತ್ತರ: ನಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ. ಊಸರವಳ್ಳಿಯಾದರೂ ಬಣ್ಣ ಬದಲಿಸುವಾಗ ಸುಮ್ಮನಿರುತ್ತದೆ. ಮೊದಲಿನಿಂದಲೂ ನಾನು ಹಸಿರೇ ಅಂತ ಭಾಷಣ ಮಾಡುವುದಿಲ್ಲ.

ಒಂದು ಮಧ್ಯಾಹ್ನ ಶ್ಯಾಮನೂ ಮೂಲೆಯ ಟೇಬಲ್ಲಿನಲ್ಲಿ ಕಂಡ. ಊಟಕ್ಕೆ ಮಾತ್ರ ಯಥಾಪ್ರಕಾರ ಹಿತ್ತಲಿಗೆ ಬಂದ. ರೊಟ್ಟಿ ಮುರಿಯುತ್ತಿದ್ದಾಗ ಗೂಳಪ್ಪ ತಡೆಯಲಾರದೆ ಕೇಳಿದ.

"ಅಲ್ರಿ ಶ್ಯಾಮರಾವ್, ಹ್ವಾದ ವರ್ಷ ಸರಕಾರನೇ ಎಲ್ಲಾ ಮಾಡ್ಬೇಕಂತಿದ್ರಿ. ಈಗ ಸರಕಾರ ಕೈ ತಗೀಬೇಕಂತೀರಿ. ಹಿಂದಿಂದು ಸುಳ್ಳಂತ ಯಾರು ಬಂದು ಹೇಳಿದ್ರಿ ನಿಮಗ?"

"ಯಾರೂ ಹೇಳಿಲ್ಲ ಮಾಮಾ. ಗಾಳಿ ತಿರುಗೇದ, ಅಷ್ಟ."

"ಗಾಳಿ ತಿರುಗಿದ್ರ ಹಾರಾದು ಹೊಟ್ಟು ರೀ. ಜ್ವಾಳ ನಿಂತಲ್ಲೇ ನಿಂದರ್ತದ."

ಶ್ಯಾಮ ಕೆಮ್ಮಿದ. ಯಮನವ್ವ ಗಂಡನ ಕಡೆ ಕಣ್ಣು ಬಿಟ್ಟಳು. "ಸುಮ್ಮಕಿರು ನೀ! ಉಣ್ಣೋ ಹುಡುಗಗ ಹಂಗಂತಾರೇನು? ತಮ್ಮಾ, ಇನ್ನೊಂದು ರೊಟ್ಟಿ ಹಾಕ್ಲಾ?"

"ಹಾಕು ಅಕ್ಕ. ಪಲ್ಯಾನೂ ಹಾಕು."

"ಪಲ್ಯಾ ಯಾವ ಕಡೀದು ಹಾಕ್ಲೋ, ಸರಕಾರದ್ದೋ, ದಿಗಂಬರಂದೋ?" ಅಂದಳು ಯಮನವ್ವ.

ಶ್ಯಾಮನೂ ನಕ್ಕ. ನಗಲಿಕ್ಕೆ ಅವನಿಗೆ ಎಂದೂ ತ್ರಾಸಾಗುತ್ತಿರಲಿಲ್ಲ.

ಎಂಬತ್ತೊಂದರಲ್ಲಿ ಶಿವರುದ್ರಪ್ಪ ಸಾಹೇಬರು ನಿವೃತ್ತರಾದರು. ಹಾರ ಹಾಕಿದರು, ಶಾಲು ಹೊದಿಸಿದರು, ಮರುದಿನ ದಿಗಂಬರ ಅದೇ ಕುರ್ಚಿಯಲ್ಲಿ ಕುಳಿತ. ಅವನು ಗೂಳಪ್ಪನನ್ನು ಒಳಗೆ ಕರೆಸಿದ. ಗೂಳಪ್ಪ ಅಂದುಕೊಂಡ: ಈ ಮನುಷ್ಯನ ಬಾಯಿಗೆ ನಾನೇ ಎಷ್ಟೋ ಸಲ ಚಹಾ ತುರುಕಿದವನು, ಇವತ್ತು ಆ ಕಟ್ಟಳೆಗೆ ಬೆಂಕಿ ಬಿತ್ತು. ದಿಗಂಬರ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಅಂಗಾತ ಇಟ್ಟ.

"ಗೂಳಪ್ಪಾ, ಚಷ್ಮಾ ಗೇಲಾ. ಆತಾ ಘಡ್ಯಾಳ."

ಕನ್ನಡಕ ಹೋಯಿತು, ಇನ್ನು ಗಡಿಯಾರ. ಅಷ್ಟೇ ಬದಲು. ಏಟು ತಿಂದವನು ಅಧಿಕಾರಕ್ಕೆ ಬಂದು ಕೋಲು ಮುರಿಯುತ್ತಾನೆ ಅಂದುಕೊಂಡರೆ, ಕೋಲಿಗೆ ಎಣ್ಣೆ ಹಚ್ಚುತ್ತಿದ್ದಾನೆ! ಅಂದಿನಿಂದ ಗುರುವಾರದ ಚಹಾ ಹಳೆಯ ಪಂಗಡದವರ ಬಾಯಿ ಮುಚ್ಚತೊಡಗಿತು. ಯೋಜನೆ ಎಂಬ ಮಾತು ಯಾರ ಬಾಯಿಂದ ಬಂದರೂ ಗಡಿಯಾರ ಕೆಳಗಿಳಿಯುತ್ತಿತ್ತು. ಮಾತಿಲ್ಲದವರು ವರ್ಷ ಕಳೆಯುವುದರಲ್ಲಿ ಮತವನ್ನೂ ಬದಲಿಸಿದರು.

ಎಂಬತ್ನಾಲ್ಕರಲ್ಲಿ ಹಿತ್ತಲಲ್ಲಿ ಕಂಪ್ಯೂಟರ್ ಇಡುವುದಕ್ಕೆಂದು ಹೊಸ ಕಟ್ಟಡ ಏಳತೊಡಗಿತು. ಅದೇ ಹೊತ್ತಿಗೆ ದಿಗಂಬರ ಸಾರಿದ: ಸ್ಪರ್ಧೆಯನ್ನು ನಮ್ಮಿಂದಲೇ ಶುರುಮಾಡೋಣ, ಕ್ಯಾಂಟೀನಿಗೆ ಟೆಂಡರ್ ಕರೆಯುತ್ತೇನೆ. ಕ್ಯಾಂಟೀನು ಹೋದರೆ ಖೋಲಿಯೂ ಹೋಯಿತು. ಗೂಳಪ್ಪ ಅವನ ಮುಂದೆ ಹೋಗಿ ನಿಂತ. ದಿಗಂಬರ ಮರಾಠಿಯಲ್ಲಿ ತಣ್ಣಗೆ ಹೇಳಿದ:

"ಟೆಂಡರ್ ಎಲ್ಲರಿಗೂ. ಆದರೆ ತೆರೆಯುವುದು ನಾನು. ಬರುವ ತಿಂಗಳು ಶಿವರುದ್ರಪ್ಪನವರ ಪ್ರಬಂಧ ಇದೆ, ಬೇಡವೆನ್ನಲು ಆಗಲಿಲ್ಲ. ಅವತ್ತು ನಿನ್ನ ಕಣ್ಣು ಗಡಿಯಾರದ ಮೇಲಿರಲಿ. ಕ್ಯಾಂಟೀನು ನಿನ್ನದೇ."

ಇದು ಅವರ ಸ್ಪರ್ಧೆ.

ಗೂಳಪ್ಪ ಡೆಕ್ಕನ್ ಬಡಾವಣೆಯಲ್ಲಿದ್ದ ಶಿವರುದ್ರಪ್ಪ ಸಾಹೇಬರ ಮನೆಗೆ ಹೋದ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಕೈಮುಗಿದು ಹೇಳಿದ: "ಖೋಲಿ ಹೋಗ್ತದ್ರೀ ಸಾಹೇಬ್ರ. ಖಾಯಂ ಮಾಡ್ತೀನಿ ಅಂದಿದ್ರಿ. ಒಂದು ಮಾತು ಹೇಳ್ರಿ ಯಾರಿಗ್ಯಾರ."

ಸಾಹೇಬರು ಕಾಗದಗಳ ನಡುವೆ ಹುಗಿದುಕೊಂಡಿದ್ದರು. "ಗೂಳಪ್ಪಾ, ಒಂದೀಟು ತಾಳು. ಈ ಪ್ರಬಂಧ ಒಮ್ಮಿ ಓದಿದ್ನೆಪಾ ಅಂದ್ರ, ಆ ದಿಗಂಬರ ಮೂಲೀಗೆ ಬಿದ್ದ ಅಂತ ತಿಳಿ. ಎಲ್ಲಾ ಹುಡುಗ್ರು ಹೊಳ್ಳಿ ಬರ್ತಾರ. ಆವಾಗ ನಿನ್ನ ಕೆಲಸ ಎಷ್ಟರದು? ನೀ ಒಂದು ಮಾಡು. ಅವತ್ತು ನಾ ಕನ್ನಡಕ ಇಡೋತನಕಾ ಚಹಾ ತರಬ್ಯಾಡ. ಆ ಗಡಿಯಾರ ನೋಡಬ್ಯಾಡ. ನೀ ನಮ್ಮ ಮನಷ್ಯಾ ಅಲ್ಲೇನು?"

ಖೋಲಿಯ ಮಾತು ಅಲ್ಲಿಗೇ ಮುಗಿಯಿತು. ಕುಡಿಯಲು ನೀರು ಸಹ ಕೊಡಲಿಲ್ಲ.

ಆ ಗುರುವಾರ ಯಮನವ್ವ ಏಲಕ್ಕಿ ಜಜ್ಜಿ ಚಹಾ ಕಾಸಿದಳು. ಕಿಟ್ಲಿ ತುಂಬಿ ಗಂಡನ ಕೈಗೆ ಕೊಡುವಾಗ ಕೇಳಿದಳು: "ಯಾರ ಮಾತು ಕೇಳಾಂವ ನೀ?"

"ಗಡಿಯಾರದ ಮಾತು ಕೇಳಿದ್ರ ಖೋಲಿ ಉಳೀತದ. ಸಾಹೇಬರ ಉಪ್ಪು ಉಂಡೀವಿ, ಅದೊಂದು ಅಡ್ಡ ಬರ್ತದ."

"ಉಪ್ಪು ನಾವು ಉಂಡಿಲ್ಲ, ಅವರು ಉಂಡಾರ ನಮ್ಮ ಕೈಲಿಂದ. ಖೋಲಿ ನೀ ನೋಡ್ಕೊ. ನಾ ಮಾತ್ರ ಮೋರಿಗಿ ಚೆಲ್ಲಾಕ ಚಾ ಕಾಸಿಲ್ಲ. ಯಾರು ಕುಡೀತಾರ ಅವರಿಗಿ ಕೊಡು."

ಮೇಲೆ ಸಾಹೇಬರು ಓದುತ್ತಿದ್ದರು. ಗೂಳಪ್ಪ ಗಾಜಿಗೆ ಮೂಗು ಹಚ್ಚಿದ. ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸುತ್ತಿದ್ದ, ಇನ್ನೊಬ್ಬ ಉಗುರು ಕಡಿಯುತ್ತಿದ್ದ. ಶ್ಯಾಮ ಪಕ್ಕದವನಿಗೆ ಚೀಟಿ ಬರೆದು ತೋರಿಸಿ ಕಿಸಕ್ಕನೆ ನಗುತ್ತಿದ್ದ. ಇವರು ಹೊಳ್ಳಿ ಬರುವ ಹುಡುಗರು! ಓದು ಅರ್ಧಕ್ಕೆ ಬಂದಿರಬೇಕು, ದಿಗಂಬರ ಗಡಿಯಾರ ಬಿಚ್ಚಿ ಮೇಜಿನ ಮೇಲೆ ಅಂಗಾತ ಇಟ್ಟ.

ಗೂಳಪ್ಪನ ಕಾಲು ಬಾಗಿಲಿಗೆ ಹೋಯಿತು. ಖೋಲಿ, ಹೆಣ್ಣುಮಕ್ಕಳ ಪಾಟಿಚೀಲ, ತಗಡಿಗೆ ಯಮನವ್ವ ಹಬ್ಬಿಸಿದ ಹೀರೆಬಳ್ಳಿ, ಎಲ್ಲ ಕಣ್ಣ ಮುಂದೆ ಬಂದವು. ಆದರೂ ಮುದುಕ ಓದಿ ಮುಗಿಸಲಿ ಅನಿಸಿತು. ಏನೇ ಇರಲಿ, ಇಳಿವಯಸ್ಸಿನಲ್ಲಿ ಒಬ್ಬನೇ ನಿಂತು ತನ್ನ ಮಾತು ಬಿಡದೆ ಹೇಳುತ್ತಿದ್ದಾನೆ. ಈ ಹೊಟ್ಟಿನ ರಾಶಿಯಲ್ಲಿ ಇದೊಂದಾದರೂ ಕಾಳು. ಅವನು ಕಾಲು ಹಿಂದೆಗೆದ. ದಿಗಂಬರ ಗಾಜಿನ ಕಡೆ ನೋಡಿದ, ಗಡಿಯಾರವನ್ನು ಇನ್ನಷ್ಟು ಮುಂದೆ ಸರಿಸಿದ, ಕೆಂಪಾದ. ಗೂಳಪ್ಪ ಅಲುಗಲಿಲ್ಲ. ಖೋಲಿ ಹೋಯಿತು ಅಂತ ಅವನಿಗೆ ಆಗಲೇ ಗೊತ್ತಾಯಿತು.

ಸಾಹೇಬರು ಓದಿ ಮುಗಿಸಿದರು. ಚಹಾ ಬಂದಿರಲಿಲ್ಲ, ಆದ್ದರಿಂದ ಪ್ರಶ್ನೆ ಶುರುವಾದವು. ಮೊದಲು ಎದ್ದವನು ಶ್ಯಾಮ. ಸಾಹೇಬರದೇ ಹಳೆಯ ಪುಸ್ತಕ ಕೈಯಲ್ಲಿ ಹಿಡಿದು, ತಾನೇ ಅಚ್ಚು ತಿದ್ದಿದ ಪುಸ್ತಕ, ಒಂದೊಂದು ಸಾಲು ಓದುತ್ತ ಹೋದ. ಪುರಾಣ ಹೇಳುವವರ ರಾಗದಲ್ಲಿ ಓದಿದ. ಪ್ರತಿ ಸಾಲಿಗೂ ಸಭೆ ನಗೆಯಿಂದ ತುಂಬಿತು. ಅದರಲ್ಲಿ ಪ್ರಶ್ನೆ ಒಂದೂ ಇರಲಿಲ್ಲ. ದಿಗಂಬರನಿಗೆ ಈಗ ಚಹಾ ಬೇಕಾಗಿರಲಿಲ್ಲ; ಗಡಿಯಾರವನ್ನೆತ್ತಿ ಕೈಗೆ ಕಟ್ಟಿಕೊಂಡು ಹಾಯಾಗಿ ಒರಗಿದ.

ಆಗ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟರು. ಬರಿಗಣ್ಣಿನಿಂದ ಬಾಗಿಲ ಕಡೆ ನೋಡಿದರು.

ಹಳೆಯ ಸನ್ನೆ, ಹಳೆಯ ಧಣಿ. ಗೂಳಪ್ಪ ಕಿಟ್ಲಿ ಎತ್ತಿದ, ಬಾಗಿಲನ್ನು ಗೇಣು ಸರಿಸಿದ. ಅಷ್ಟರಲ್ಲಿ ಸಾಹೇಬರ ದನಿ ಕೇಳಿತು. ಇಂಗ್ಲಿಷ್ ಬಿಟ್ಟು, ಎಲ್ಲರೂ ಮೆಚ್ಚಲೆಂದು ಮರಾಠಿಯಲ್ಲಿ, ನಗುತ್ತ ಹೇಳುತ್ತಿದ್ದರು:

"ಅಹೋ, ಮೀ ಸುದ್ಧಾ ಪಹಿಲ್ಯಾಪಾಸೂನ ಹೇಚ ಸಾಂಗತ ಆಲೋ! ನಾನೂ ಮೊದಲಿನಿಂದ ಇದನ್ನೇ ಹೇಳುತ್ತ ಬಂದವನು. ಸ್ಪರ್ಧೆ ಬೇಡ ಅಂತ ನಾನೆಂದು ಹೇಳಿದೆ? ನಮ್ಮ ಕ್ಯಾಂಟೀನನ್ನೇ ನೋಡಿ. ಸ್ಪರ್ಧೆ ಇಲ್ಲದೆ ಆ ಗೂಳಪ್ಪ ಹೇಗೆ ಕೊಬ್ಬಿದ್ದಾನೆ. ಚಹಾ ಹೊತ್ತಿಗೆ ಬರುತ್ತದೆಯೇ? ದಿಗಂಬರರಾವ್, ಟೆಂಡರ್ ಕರೆಯುವುದು ಸರಿಯೇ ಸರಿ!"

ಸಭೆಯೆಲ್ಲ ಗೊಳ್ಳೆಂದಿತು. ಈ ನಗೆ ಬೇರೆ ತರಹದ್ದು, ಒಳಗೆ ಸೇರಿಸಿಕೊಳ್ಳುವ ನಗೆ. ದಿಗಂಬರ ಎದ್ದು ಸಾಹೇಬರ ಕೈ ಕುಲುಕಿದ. ಶ್ಯಾಮ ಚಪ್ಪಾಳೆ ತಟ್ಟಿದ. ಅಲ್ಲಿಗೆ ಹೊಸ ಅರ್ಥಶಾಸ್ತ್ರಕ್ಕೆ ಆ ಸಂಸ್ಥೆಯಲ್ಲಿ ಕೊನೆಯ ವಿರೋಧಿಯೂ ಉಳಿಯಲಿಲ್ಲ.

ಥೂ!

ಗೂಳಪ್ಪ ಸರಿಸಿದ ಬಾಗಿಲನ್ನು ಎಳೆದು ಮುಚ್ಚಿದ. ಕಿಟ್ಲಿ ಹಿಡಿದು ದಡದಡ ಮೆಟ್ಟಿಲಿಳಿದ. ಕಪ್ಪು-ಬಶಿಗಳನ್ನು ಅಲ್ಲೇ ಬಾಗಿಲ ಮುಂದೆ ಬಿಟ್ಟ.

ಹಿತ್ತಲಲ್ಲಿ ಹೊಸ ಕಟ್ಟಡದ ಆಳುಗಳು ಮಾಲು ಕಲಸುತ್ತಿದ್ದರು. ಶಹಾಪುರದ ಕಡೆಯ ಮಂದಿ. ಗೌಂಡಿ ತಾಯಪ್ಪ ಅವರ ಮುಂದಾಳು.

"ತಾಯಪ್ಪಾ, ಬರ್ರಿ ಎಲ್ಲಾರು. ಚಾ ಕುಡೀರಿ."

"ಯಾರ್ದು ಲಗ್ನೋ ಮಾವಾ ಇವತ್ತ?"

"ಲಗ್ನ ಅಲ್ಲ, ತಿಥಿ. ಮ್ಯಾಲ ಒಬ್ಬ ದೊಡ್ಡವ ಸತ್ತ."

"ಅಯ್ಯ ಶಿವನೇ! ಯಾವಾಗ?"

"ಈಗ. ಇನ್ನೂ ಮಾತಾಡಾಕತ್ಯಾನ. ಕುಡೀರಿ ನೀವು."

ತಂಬಿಗೆ, ಡಬ್ಬಿ, ಚರಿಗೆ, ಕೈಗೆ ಸಿಕ್ಕಿದ್ದರಲ್ಲಿ ಹಾಕಿಸಿಕೊಂಡು ಉಫ್ ಉಫ್ ಎಂದು ಊದಿ ಕುಡಿದರು. ಒಬ್ಬ ಹೆಣ್ಣಾಳು ಏಲಕ್ಕಿಯ ವಾಸನೆಗೆ ಕಣ್ಣು ಮುಚ್ಚಿ ನಿಂತಳು. ಇನ್ನೊಂದೀಟು ಹಾಕು ಅಂತ ತಾಯಪ್ಪ ಡಬ್ಬಿ ಮುಂದೆ ಹಿಡಿದ. ಕ್ಯಾಂಟೀನಿನ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಯಮನವ್ವ ಮತ್ತೆ ಹಾಲು ಒಲೆಯ ಮೇಲಿಟ್ಟಳು.

ಚಹಾ ಎಲ್ಲಿ ಅಂತ ದಿಗಂಬರ ಮೆಟ್ಟಿಲ ಮೇಲಿಂದಲೇ ಕೂಗಿದ: "ಗೂಳಪ್ಪಾ, ಚಹಾ ಕುಠೇ?"

ಗೂಳಪ್ಪ ಕಿಟ್ಲಿಯನ್ನು ತಲೆಕೆಳಗು ಮಾಡಿ ತೋರಿಸಿದ. "ಸಂಪಲಾ." ಮುಗೀತು.

ತಿಂಗಳು ತುಂಬುವ ಮೊದಲೇ ಖೋಲಿ ಬಿಡಿಸಿದರು. ಟೆಂಡರ್ ದಿಗಂಬರನ ಮಾವನ ಕಡೆಯ ಯಾರಿಗೋ ಆಯಿತು, ಆಗದಿದ್ದರೆ ಆಶ್ಚರ್ಯ. ತಳೇಗಾಂವ ದಾಭಾಡೆಯಲ್ಲಿ ಒಂದು ಕಾರಖಾನೆ ಏಳುತ್ತಿದೆ, ಆಳುಗಳಿಗೆ ಚಹಾ-ರೊಟ್ಟಿ ಮಾಡುವವರು ಬೇಕು ಎಂದು ತಾಯಪ್ಪನೇ ಹೇಳಿದ್ದ. ಅಲ್ಲಿಯೂ ತಗಡೇ, ಅಲ್ಲಿಯೂ ಸದ್ಯವೇ. ಆದರೆ ಯಾರೂ ಖಾಯಂ ಅಂತ ಸುಳ್ಳು ಹೇಳಿರಲಿಲ್ಲ.

ಟೆಂಪೋದಲ್ಲಿ ಪಾತ್ರೆಪಗಡೆ ಹೇರುತ್ತಿದ್ದಾಗ ಶ್ಯಾಮ ಓಡುತ್ತ ಬಂದ. ಮುಖ ಸಣ್ಣದು ಮಾಡಿಕೊಂಡಿದ್ದ. ತಪ್ಪಾಯಿತು ಅನ್ನುತ್ತಾನೇನೋ ಅಂತ ಗೂಳಪ್ಪ ಹಗ್ಗ ಬಿಗಿಯುವುದನ್ನು ನಿಲ್ಲಿಸಿದ.

"ಮಾಮಾ, ಭಾಳ ಕೆಟ್ಟ ಅನಿಸ್ತದ ನೋಡ್ರಿ. ಅಕ್ಕಾ, ನಾಳಿಂದ ನನ್ನ ರೊಟ್ಟಿ ಗತಿ ಹ್ಯಾಂಗ?"

ಗೂಳಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಪ್ಯಾಟ್ಯಾಗ ಸಿಗ್ತಾವಲ್ರೀ ಶ್ಯಾಮರಾವ್. ಪ್ಯಾಟಿ ಎಲ್ಲಾ ಸರಿ ಮಾಡ್ತದಂತಲ್ಲ, ಹೋಗ್ರಿ."

ಯಮನವ್ವ ಈ ಸಲ ಗಂಡನಿಗೆ ಸುಮ್ಮಕಿರು ಅನ್ನಲಿಲ್ಲ. ಬಾಯೊಳಗಿನ ಎಲೆ ಅಡಿಕೆಯನ್ನು ಸಂಸ್ಥೆಯ ಗೋಡೆಯ ಬುಡಕ್ಕೆ ಉಗುಳಿ, ಹೆಣ್ಣುಮಕ್ಕಳನ್ನು ಮೇಲೆ ಹತ್ತಿಸಿ, ಕಿಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಟೆಂಪೋ ಹೊರಟಿತು.